ಕೆಂಪಾಗುವ ನೀರಿಗೆ ಯಾವ ಯಂತ್ರ?

ಪ್ರಶ್ನೆ: ನಮ್ಮ ಹಳ್ಳಿಮನೆಗೆ ಕೊಳವೆಬಾವಿಯ ನೀರೇ ಆಧಾರ. ಹಿಡಿದಾಗ ತಿಳಿಯಾಗಿರುವ ನೀರು ಬೆಳಗಾಗುವುದರೊಳಗೆ ಕೆಂಪಗಾಗುತ್ತದೆ. ಒಬ್ಬರು ಆರ್‌ಒ (ನೀರನ್ನು ಸೂಕ್ಷ್ಮ ಪೊರೆಯಲ್ಲಿ ಸೋಸುವ ಯಂತ್ರ) ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಯುವಿ (ನೇರಳಾತೀತ ಕಿರಣದಿಂದ ರೋಗಾಣು ಕೊಲ್ಲುವ ಯಂತ್ರ) ಸಾಕೆನ್ನುತ್ತಾರೆ. ಯಾವುದು ಸರಿ? ಅದರ ನಿರ್ವಹಣೆ ಹೇಗೆ?

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನೀವು ಹೇಳಿದ ಲಕ್ಷಣ ಬಹುಮಟ್ಟಿಗೆ ಕಬ್ಬಿಣದ್ದು. ನೆಲದಾಳದಲ್ಲಿ ನೀರಿನೊಳಗೆ ಕರಗಿಕೊಂಡಿದ್ದ ಕಬ್ಬಿಣವು ಗಾಳಿ ಸೋಕಿದ ಮೇಲೆ ಕೆಂಪು ಗಸಿಯಾಗಿ ತಳಕ್ಕಿಳಿಯುತ್ತದೆ. ಅದನ್ನು ಮೊದಲೇ ತೆಗೆಯದಿದ್ದರೆ ಆರ್‌ಒ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಯುವಿ ದೀಪವನ್ನು ಮುಚ್ಚಿರುವ ಗಾಜಿನ ಕೊಳವೆಯ ಮೇಲೆ ಕಂದುಪದರ ಕೂತು, ಕಿರಣ ನೀರಿಗೆ ತಲುಪದಂತಾಗುತ್ತದೆ. ಆದ್ದರಿಂದ ನೀರು ಮನೆಯೊಳಕ್ಕೆ ಬರುವಲ್ಲಿಯೇ ಕಬ್ಬಿಣ ತೆಗೆಯುವ ಫಿಲ್ಟರ್ ಇರಬೇಕು.

ಕಬ್ಬಿಣವಾದರೂ ಕಣ್ಣಿಗೆ ಕಾಣುತ್ತದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1.5, ನೈಟ್ರೇಟ್ 50, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಇವುಗಳ ಜೊತೆಗೆ ಗಡಸುತನ ಮತ್ತು ರೋಗಾಣುಗಳನ್ನೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಮಾರಾಟಗಾರರು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮೀಟರಿಗೆ ಮರುಳಾಗಬೇಡಿ. ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಹೇಳುತ್ತದೆ, ರೋಗಾಣುಗಳ ಸುಳಿವನ್ನೂ ಕೊಡದು. ರೋಗಾಣು ಪರೀಕ್ಷೆಯ ಮಾದರಿಯನ್ನು ಪ್ರಯೋಗಾಲಯದವರೇ ಕೊಡುವ ಶುದ್ಧ ಬಾಟಲಿಯಲ್ಲಿ, ಅದನ್ನು ತೊಳೆಯದೆ ಹಿಡಿದು, ತಣ್ಣಗಿಟ್ಟು ಅದೇ ದಿನ ತಲುಪಿಸುವುದು ಉತ್ತಮ. ಬಾವಿಗೆ ಮೇಲಿನ ನೀರು ಇಳಿಯುವ ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು.

ರೋಗಾಣುಗಳಷ್ಟೇ ಇದ್ದರೆ, ಕಬ್ಬಿಣ ತೆಗೆದ ತಿಳಿನೀರಿಗೆ ಯುವಿ ಸಾಕು. ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದ್ದರೆ ಆರ್‌ಒ ಬೇಕಾಗುತ್ತದೆ. ಕುದಿಸಿದರೆ ಇವು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಆರ್‌ಒ ಸಾಕಷ್ಟು ನೀರನ್ನು ವ್ಯರ್ಥವಾಗಿ ಹೊರಗೆ ಬಿಡುವುದರಿಂದ ಅದನ್ನು ಇಡೀ ಮನೆಗೆ ಹಾಕಿಸದೆ, ಕುಡಿಯುವ ಮತ್ತು ಅಡುಗೆಯ ನಲ್ಲಿಗೆ ಮಾತ್ರ ಹಾಕಿಸಿ.

ನಿರ್ವಹಣೆಯಲ್ಲಿ ಹೆಚ್ಚು ಜನ ಎಡವುವುದು ಯುವಿ ದೀಪದಲ್ಲಿ. ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಆದರೆ ಸುಮಾರು ಒಂದು ವರ್ಷದ ಬಳಕೆಯಲ್ಲಿ ರೋಗಾಣು ಕೊಲ್ಲುವ ಕಿರಣ ಕ್ಷೀಣಿಸಿರುತ್ತದೆ. ಯಂತ್ರದೊಳಗಿನ ಇದ್ದಿಲಿನ ಫಿಲ್ಟರಿನ ಅವಧಿ ಮೀರಿದರಂತೂ ಅದರಲ್ಲಿ ರೋಗಾಣುಗಳೇ ಬೆಳೆಯಬಹುದು. ಪ್ರತಿ ಬಿಡಿಭಾಗ ಹಾಕಿದ ದಿನಾಂಕವನ್ನು ಯಂತ್ರದ ಮೇಲೇ ಬರೆದಂಟಿಸಿ. ಟಿಡಿಎಸ್ ಮೀಟರ್ ನಿಜಕ್ಕೂ ನೆರವಾಗುವುದು ಇಲ್ಲಿ: ಆರ್‌ಒಗೆ ಹೋಗುವ ಮತ್ತು ಅದರಿಂದ ಬರುವ ನೀರಿನ ಅಂಕಿಗಳನ್ನು ತಿಂಗಳಿಗೊಮ್ಮೆ ಗುರುತಿಸಿಡಿ. ಎರಡರ ನಡುವಿನ ಅಂತರ ಕುಗ್ಗುತ್ತಾ ಬಂದರೆ ಪೊರೆ ಬದಲಿಸುವ ಸಮಯ ಬಂದಿದೆ.