ಕಾದವರನ್ನು ಕಾಣದ ಕ್ಯಾಮೆರಾ

ಈ ವಿದ್ಯಾರ್ಥಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರನ್ನೂ ಗುರುತು ಹತ್ತುವಂತಹ ವಿವರಗಳನ್ನೂ ಬದಲಿಸಿದ್ದೇನೆ.

ಸುಹಾಸ್ ಎಂದು ಕರೆಯೋಣ. ವಯಸ್ಸು 22, ದೃಶ್ಯಕಲೆಯ ಅಂತಿಮ ವರ್ಷ. ಪದವಿ ಪ್ರದರ್ಶನಕ್ಕೆ 19 ದಿನ ಉಳಿದಿದ್ದಾಗ, ವಿದ್ಯಾರ್ಥಿಗಳ ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಬಂದ. ಬಂದವನು ಮಾತನಾಡಲಿಲ್ಲ. ಮೊಬೈಲ್‌ನಲ್ಲಿ ಬರೆದುಕೊಂಡು ಬಂದಿದ್ದ ನಾಲ್ಕು ಸಾಲುಗಳನ್ನು ನನ್ನ ಮುಂದೆ ಹಿಡಿದ. "ಸರಿಯಾಗಿ ನಿದ್ರೆಯಿಲ್ಲ. ಪ್ರಾಜೆಕ್ಟ್ ಕೋಣೆಯ ಬೀಗ ತೆಗೆಯಲು ಕೈ ಬರುತ್ತಿಲ್ಲ. ಎಲ್ಲ ಬಿಟ್ಟುಬಿಡೋಣ ಅನ್ನಿಸುತ್ತಿದೆ. ಮಾರ್ಗದರ್ಶಕರಿಗೆ ಹೇಳಲು ಧೈರ್ಯವಿಲ್ಲ."

"ಎಲ್ಲ" ಎಂದರೆ ಕಲಾಕೃತಿಯೋ, ಬದುಕೋ ಎಂದು ನೇರವಾಗಿ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಬಾರದು. ಕಲಾಕೃತಿ ಮಾತ್ರ ಎಂದು ತಲೆಯಾಡಿಸಿದ.

ಅದೇನೆಂದು ಕಾಗದದ ಮೇಲೆ ಗೀಚಿ ತೋರಿಸಿದ. ಕತ್ತಲೆಯ ಕೋಣೆ. ಎದುರು ಗೋಡೆಯ ತುಂಬ ಪ್ರೊಜೆಕ್ಟರ್‌ನಿಂದ ಮೂಡುವ ಅಕ್ಷರಗಳು, ಗಾಳಿಗೆ ತೂರಿದ ಹೊಟ್ಟಿನಂತೆ ಹಾರಾಡುತ್ತವೆ. ಒಳಗೆ ಬಂದವರ ಮೈಯ ಆಕಾರವನ್ನು ದೂರ ಅಳೆಯುವ ಕ್ಯಾಮೆರಾ ಒಂದು ಹಿಡಿಯುತ್ತದೆ. ಅವರು ಅಲುಗಾಡುವಷ್ಟು ಹೊತ್ತು ಅಕ್ಷರಗಳು ಚದುರುತ್ತಲೇ ಇರುತ್ತವೆ. ಸುಮ್ಮನೆ ನಿಂತರೆ ಒಂದೊಂದಾಗಿ ಬಂದು ಕೂಡಿಕೊಂಡು, 20 ಸೆಕೆಂಡಿನಲ್ಲಿ ಒಂದು ಪೂರ್ತಿ ವಾಕ್ಯವಾಗುತ್ತವೆ.

ಪ್ರಾಯೋಗಿಕ ಪ್ರದರ್ಶನಕ್ಕೆ 30 ಜನ ಬಂದಿದ್ದರು. ವಾಕ್ಯ ಓದಿದವರು ನಾಲ್ವರು. ಪರದೆಯ ಹಿಂದೆ ನಿಂತು ಆತ ಒಬ್ಬೊಬ್ಬರನ್ನೂ ನೋಡಿದ್ದ.

ನಾನು ಎಡವಿದ್ದು ಇಲ್ಲಿ. "ಕಲ್ಪನೆ ತುಂಬ ಚೆನ್ನಾಗಿದೆ, ಜನರಿಗೆ ಖಂಡಿತ ಹಿಡಿಸುತ್ತದೆ" ಎಂದುಬಿಟ್ಟೆ. ಆತ ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡ. 26 ಜನ ಎದ್ದುಹೋದದ್ದನ್ನು ಕಣ್ಣಾರೆ ಕಂಡವನಿಗೆ, ಏನನ್ನೂ ಕಾಣದ ನಾನು ಸಮಾಧಾನ ಹೇಳಿದ್ದೆ. ಮರುದಿನವೇ ಬರಲು ಹೇಳಿದೆ. ಬಂದನಲ್ಲ, ಅದು ನನ್ನ ಪುಣ್ಯ.

ಎರಡನೆಯ ಭೇಟಿಯಲ್ಲಿ ಹೊಗಳಿಕೆಯ ಗೋಜಿಗೆ ಹೋಗಲಿಲ್ಲ. "ಅವರು ಹೊರಟಾಗ ನಿಮ್ಮ ಮನಸ್ಸು ಏನು ಹೇಳಿತು?" ಎಂದು ಕೇಳಿದೆ. ಆತ ಬಾಯಿ ತೆರೆದ. ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಂಡಿತು. ಕಣ್ಣು ಬಿಗಿಯಾಯಿತು, ಕುತ್ತಿಗೆಯ ನರ ಉಬ್ಬಿತು. ವಾಕ್ಯವನ್ನು ನಾನು ತುಂಬಿಕೊಡಲಿಲ್ಲ, ಬೇರೆ ಕಡೆ ನೋಡಲೂ ಇಲ್ಲ.

"ಯಾರೂ ಕಾಯುವುದಿಲ್ಲ, ಮೇಡಂ."

ಚಿಕ್ಕಂದಿನಿಂದ ಆತನಿಗೆ ಉಗ್ಗು. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನೆ ಕುಳಿತ ವರ್ಷಗಳು, ಅವನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದ ಹಿತೈಷಿಗಳು. ಕಾದರೆ ಮಾತು ಬರುತ್ತದೆ ಎಂಬ ಒಂದೇ ಸಂಗತಿಯನ್ನು ಹೇಳಲು ಆತ ಆ ಕೋಣೆಯನ್ನು ಕಟ್ಟಿದ್ದ. ಅದನ್ನು ಯಾರಿಗೂ ತಿಳಿಸಿರಲಿಲ್ಲ. ಮಾರ್ಗದರ್ಶಕರ ಪಾಲಿಗೆ ಅದು "ಗಮನ" ಎಂಬ ವಿಷಯದ ಮೇಲಿನ ಕೃತಿ. ಹೀಗಾಗಿ ಅಂದು ಆ ಕೋಣೆಯಿಂದ ಹೊರನಡೆದ ಪ್ರತಿಯೊಬ್ಬರೂ ಆತನ ಮಾತಿನ ನಡುವೆಯೇ ಎದ್ದುಹೋದವರಾಗಿದ್ದರು.

ಚಿತ್ರ ಬರೆದವರು ಅದನ್ನು ಗೋಡೆಗೆ ತೂಗುಹಾಕಿ ಮನೆಗೆ ಹೋಗಬಹುದು. ನೋಡುಗರು ಇಲ್ಲದಿದ್ದರೂ ಚಿತ್ರ ಅಲ್ಲಿರುತ್ತದೆ. ಸಂವಾದಿ ಕಲಾಕೃತಿಗೆ ಆ ನೆಮ್ಮದಿಯಿಲ್ಲ. ಅಪರಿಚಿತರೊಬ್ಬರು ಬಂದು ಮೈಯಿಂದ ಉತ್ತರಿಸುವ ತನಕ ಅದು ಅರ್ಧವೇ. ಆ ಅರ್ಧದಲ್ಲಿ ತನ್ನ ಬದುಕಿನ ಗಾಯವನ್ನೇ ಇಟ್ಟಿರುವ ವಿದ್ಯಾರ್ಥಿಗೆ ನೋಡುಗರ ಒಂದೊಂದು ಹೆಜ್ಜೆಯೂ ತೀರ್ಪಾಗಿ ಕಾಣುತ್ತದೆ. ಇದನ್ನು ಅತಿಸೂಕ್ಷ್ಮತೆ ಎಂದು ತಳ್ಳಿಹಾಕುವುದು ಅನ್ಯಾಯ.

ಆತನಿಗೆ ಕೊಟ್ಟ ಮೊದಲ ಸಲಹೆ ಒಂದು ನೋಟ್‌ಪುಸ್ತಕ. ಪುಟದ ನಡುವೆ ಗೆರೆ. ಎಡಗಡೆ ಕಣ್ಣಿಗೆ ಕಂಡದ್ದು ಮಾತ್ರ: ಯಾರು, ಎಲ್ಲಿ ನಿಂತರು, ಎಷ್ಟು ಸೆಕೆಂಡು, ಗೋಡೆಯ ಮೇಲೆ ಏನಾಯಿತು. ಬಲಗಡೆ ಮನಸ್ಸು ಹೇಳಿದ್ದು. ಎಡಗಡೆ ತುಂಬುವ ತನಕ ಬಲಗಡೆ ಬರೆಯುವ ಹಾಗಿಲ್ಲ. ಬೇರೆ ವಿಭಾಗದ 10 ಜನರನ್ನು ಕರೆಯಲು, ಪರದೆಯ ಹಿಂದೆ ನಿಲ್ಲದೆ ಅವರಿಗೆ ಹೇಳಿಯೇ ವಿಡಿಯೊ ಮಾಡಿ ಆಮೇಲೆ ಒಬ್ಬನೇ ನೋಡಲು ಹೇಳಿದೆ. ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ) ಎಂಬ ಮನೋಚಿಕಿತ್ಸೆಯಲ್ಲಿ, ನಡೆದದ್ದನ್ನೂ ನಾವು ಕಟ್ಟಿಕೊಂಡ ಅರ್ಥವನ್ನೂ ಬೇರೆಬೇರೆಯಾಗಿ ಬರೆಸುವ ರೂಢಿ ಹಳೆಯದು. ಯಂತ್ರವನ್ನು ಜನರು ಹೇಗೆ ಬಳಸುತ್ತಾರೆಂದು ಪರೀಕ್ಷಿಸುವ ವಿನ್ಯಾಸಕಾರರೂ ಇದನ್ನೇ ಮಾಡುತ್ತಾರೆ.

ಮೂರನೆಯ ಭೇಟಿಗೆ ಪುಸ್ತಕ ತಂದ. ಮೊದಲೆರಡು ಪುಟಗಳಲ್ಲಿ ಬಲಗಡೆ ಕಿಕ್ಕಿರಿದಿತ್ತು: "ಬೇಸರವಾಯಿತು", "ಪೆದ್ದ ಎಂದುಕೊಂಡಿರುತ್ತಾರೆ". ಮೂರನೆಯ ಪುಟದಲ್ಲಿ ಹೀಗಿತ್ತು: "ಕಪ್ಪು ಅಂಗಿ. ಕೋಣೆಯ ನಡುವೆ ನಿಂತರು. 17 ಸೆಕೆಂಡು ಅಲುಗಲಿಲ್ಲ. ಅಕ್ಷರಗಳು ನಡುಗುತ್ತಲೇ ಇದ್ದವು. ಹೋದರು." ಬಲಗಡೆ ಖಾಲಿ.

ಹತ್ತು ಜನರಲ್ಲಿ ಏಳು ಜನ ಸುಮ್ಮನೆ ನಿಂತಿದ್ದರು. ಯಂತ್ರ ಅದನ್ನು ಚಲನೆ ಎಂದು ಲೆಕ್ಕ ಹಾಕಿತ್ತು. ಈ ಬಗೆಯ ಕ್ಯಾಮೆರಾ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಿಟ್ಟು, ಹಿಂದಿರುಗಿದ ಬೆಳಕಿನಿಂದ ದೂರವನ್ನು ಲೆಕ್ಕ ಹಾಕುತ್ತದೆ. ಕೆಲವು ಕಪ್ಪು ಬಟ್ಟೆಗಳು ಆ ಬೆಳಕಿನ ಬಹುಭಾಗವನ್ನು ನುಂಗಿಬಿಡುತ್ತವೆ. ಮೈಯ ಅಂಚುಗಳಲ್ಲಿ ಅಳತೆ ಕ್ಷಣಕ್ಷಣಕ್ಕೂ ಹೊಯ್ದಾಡುತ್ತದೆ. ಸುಹಾಸ್ ಚಲನೆಯ ಮಿತಿಯನ್ನು ಎಷ್ಟು ಬಿಗಿಯಾಗಿ ಇಟ್ಟಿದ್ದನೆಂದರೆ ಆ ಹೊಯ್ದಾಟವೂ ನೋಡುಗರ ಉಸಿರಾಟವೂ ಚಲನೆಯಾಗಿಬಿಟ್ಟಿದ್ದವು. ರಾತ್ರಿ ಒಬ್ಬನೇ ತಿಳಿಬಣ್ಣದ ಅಂಗಿಯಲ್ಲಿ ನಿಂತು ಪರೀಕ್ಷಿಸುತ್ತಿದ್ದವನಿಗೆ ಇದು ಗೊತ್ತಾಗುವಂತೆಯೇ ಇರಲಿಲ್ಲ.

"ಕಾದಿದ್ದಾರೆ, ಮೇಡಂ. ನನ್ನ ಕ್ಯಾಮೆರಾಕ್ಕೆ ಕಾಣಿಸಲಿಲ್ಲ."

ನಾನು ಏನನ್ನೂ ಸೇರಿಸಲಿಲ್ಲ. ಉಳಿದ ಮೂವರು ನಿಲ್ಲದೆ ಹೋದದ್ದೂ ಪುಸ್ತಕದಲ್ಲಿದೆ, ಅದನ್ನೂ ಅಳಿಸಬೇಡಿ ಎಂದಷ್ಟೇ ಹೇಳಿದೆ.

ಆಮೇಲೆ ಆತ ನನಗೊಂದು ವಿಷಯ ಕಲಿಸಿದ. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಂವಾದಿ ಕಲೆಯ ಮೊದಲಿಗರಲ್ಲಿ ಒಬ್ಬರಾದ ಮೈರನ್ ಕ್ರೂಗರ್ ವಿದ್ಯಾರ್ಥಿಯಾಗಿದ್ದಾಗ ಗ್ಲೋಫ್ಲೋ ಎಂಬ ಕತ್ತಲೆ ಕೋಣೆಯನ್ನು ಇತರರೊಡನೆ ಸೇರಿ ಕಟ್ಟಿದ್ದರಂತೆ. ನೆಲದಲ್ಲಿ ಕಾಲಿನ ಒತ್ತಡ ಅರಿಯುವ ಪಟ್ಟಿಗಳು, ಗೋಡೆಗಳಲ್ಲಿ ಮಿನುಗುವ ದ್ರವದ ಕೊಳವೆಗಳು. ಕೋಣೆ ಧ್ಯಾನದಂತೆ ಶಾಂತವಾಗಿರಲಿ ಎಂದು ಪ್ರತಿಕ್ರಿಯೆಯನ್ನು ಬೇಕೆಂದೇ ತಡಮಾಡಿದ್ದರು. ತಮ್ಮ ಹೆಜ್ಜೆಗೇ ಬೆಳಕು ಓಗೊಡುತ್ತಿದೆ ಎಂಬುದು ಎಷ್ಟೋ ಜನರಿಗೆ ಹೊಳೆಯಲೇ ಇಲ್ಲ. ನೋಡುಗರಿಗೆ ಪ್ರತಿಕ್ರಿಯೆ ತಿಳಿಯಲೇಬೇಕೆಂಬುದನ್ನು ಕ್ರೂಗರ್ ಅದರಿಂದ ಕಲಿತು ಮುಂದಿನ ಕೃತಿಗಳನ್ನು ರೂಪಿಸಿದರು. ಇಷ್ಟನ್ನು ಹೇಳುವಷ್ಟರಲ್ಲಿ ಆತನ ಮಾತು ಹಲವು ಸಲ ನಿಂತಿತು. ಅಂದಿನ ಭೇಟಿಯ ಅವಧಿ ಮುಗಿದಿತ್ತು, ನಾನು ಎದ್ದೇಳಲಿಲ್ಲ.

ದುರಸ್ತಿ ಆತನದೇ. ನೋಡುಗರು ನಿಂತ ಕೂಡಲೇ ಅವರಿಗೆ ಅತಿ ಹತ್ತಿರದ ಒಂದು ಅಕ್ಷರ ತಟ್ಟನೆ ನಿಲ್ಲಬೇಕು, ನಿಮ್ಮನ್ನು ಕಂಡೆ ಎಂಬ ಗುರುತಿಗೆ. 20 ಸೆಕೆಂಡು 9ಕ್ಕೆ ಇಳಿಯಿತು. ಹೊಯ್ದಾಟ ತಗ್ಗಿಸಲು ಕೆಲವು ಅಳತೆಗಳ ಸರಾಸರಿ ತೆಗೆಯಬೇಕಿತ್ತು, ಆದರೆ ಹೆಚ್ಚು ಅಳತೆ ಸೇರಿಸಿದರೆ ಮತ್ತೆ ತಡ. ಅದಕ್ಕೆ ಪ್ರೋಗ್ರಾಮಿಂಗ್ ಬಲ್ಲ ಸಹಪಾಠಿಯೊಬ್ಬಳ ನೆರವು ಬೇಕಾಯಿತು. ವಿವರಿಸಲು ಬಾಯಿ ಬರುವುದಿಲ್ಲವೆಂದು ಅದುವರೆಗೆ ಯಾರನ್ನೂ ಕೇಳಿರಲಿಲ್ಲ. ಬರೆದು ಕೇಳಿ, ಕೃತಿಯ ವಿವರದ ಫಲಕದಲ್ಲಿ ಆಕೆಯ ಹೆಸರು ಹಾಕಿ ಎಂದೆ.

ಉಗ್ಗನ್ನು ವಾಸಿ ಮಾಡುವುದು ನನ್ನ ಕೆಲಸವಲ್ಲ. ಇಷ್ಟವಿದ್ದರೆ ವಾಕ್ ಚಿಕಿತ್ಸಕರನ್ನು ಕಾಣಲು ತಿಳಿಸಿದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಗ್ಗು ಇರುತ್ತದೆ, ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ. ಗಡಿಯಾರದ ಒತ್ತಡದಲ್ಲಿ ಅದು ಹೆಚ್ಚಬಹುದು, ಮುಚ್ಚಿಡುವ ಹೆಣಗಾಟದಲ್ಲೂ ಹೆಚ್ಚಬಹುದು. ಮೌಖಿಕ ಪರೀಕ್ಷೆಗೆ 10 ನಿಮಿಷದ ಬದಲು 15 ನಿಮಿಷ ಕೇಳಿ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದೆವು. ಒಪ್ಪಿಗೆ ಸಿಕ್ಕಿತು. ಕೇಳುವುದು ಹಕ್ಕು ಎಂದು ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿದೇ ಇರುವುದಿಲ್ಲ, ಈ ವೃತ್ತಿಯಲ್ಲಿ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಅದು.

ಕೊನೆಯ ಎರಡು ದಿನ ಪ್ರೋಗ್ರಾಂ ಮುಟ್ಟುವಂತಿಲ್ಲ, ಚೆನ್ನಾಗಿ ನಡೆಯುತ್ತಿರುವ ಪ್ರೋಗ್ರಾಂನ ನಕಲು ಬೇರೊಂದು ಡ್ರೈವ್‌ನಲ್ಲಿ ಇರಬೇಕು, ರಾತ್ರಿ 11ಕ್ಕೆ ಕೋಣೆಗೆ ಬೀಗ. ಪ್ರದರ್ಶನದ ದಿನ ದಿನವಿಡೀ ಆತ ಕೋಣೆಯಲ್ಲಿ ಇರಬಾರದು, ಸ್ನೇಹಿತರು ಸರದಿಯಲ್ಲಿ ನೋಡಿಕೊಳ್ಳಬೇಕು. ಇವಿಷ್ಟನ್ನೂ ಮರುಮಾತಿಲ್ಲದೆ ಒಪ್ಪಿದ.

ತೊಡಕಾದದ್ದು ಫಲಕ. ಉಗ್ಗಿನ ವಿಷಯ ಅದರಲ್ಲಿ ಬರೆಯಬೇಕೆ? ಎರಡು ಬಗೆಯಲ್ಲಿ ಬರೆದು, ನಿದ್ರೆ ಮಾಡಿ ಎದ್ದ ಮೇಲೆ ಬೆಳಗ್ಗೆ ಓದಿ ನೋಡಿ ಎಂದೆ. ಬರೆದರೆ ಒಳ್ಳೆಯದೆಂದು ನನಗೆ ಅನ್ನಿಸಿತ್ತು, ಹೇಳಲಿಲ್ಲ. ಆತ ಬರೆಯಲಿಲ್ಲ. ಫಲಕದಲ್ಲಿ ಎರಡು ಹೆಸರುಗಳೂ ಒಂದು ಸಾಲೂ ಇದ್ದವು: "ನಿಂತರೆ ಓದಬಹುದು."

ಪ್ರದರ್ಶನ ಮುಗಿದ ವಾರ ಮತ್ತೆ ಬಂದ. ನಿಲ್ಲದೆ ಹೋದವರು ಈ ಸಲವೂ ಬಹಳ ಜನ. ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ ಕೊನೆಯ ನಮೂದನ್ನು ತೋರಿಸಿದ. "ಬಾಗಿಲ ಬಳಿ ಒಬ್ಬ ಹುಡುಗ. ಒಳಗೆ ಬರಲಿಲ್ಲ. ಎರಡು ನಿಮಿಷ ನಿಂತ. ಹೋದ." ಗೆರೆಯ ಬಲಗಡೆ ಏನೂ ಬರೆದಿರಲಿಲ್ಲ.