ಹಸುವಿಗೆ ಐಬಿಆರ್ ಆಂಟಿಬಾಡಿ ಇದೆ ಅಂದರೆ ರೋಗ ಹೋಯಿತು ಅಂತಲೇ?

ನಿಮ್ಮ ಪ್ರಶ್ನೆ ಇಷ್ಟು: ಹಸು ಏಳನೇ ತಿಂಗಳಲ್ಲಿ ಕಂದು ಹಾಕಿತು, ರಕ್ತ ಪರೀಕ್ಷೆಯಲ್ಲಿ ಐಬಿಆರ್ (ದನಗಳ ಮೂಗು, ಶ್ವಾಸನಾಳಕ್ಕೆ ತಗುಲುವ, ಕಂದೂ ಹಾಕಿಸಬಲ್ಲ ವೈರಸ್ ರೋಗ) ಆಂಟಿಬಾಡಿ ಪಾಸಿಟಿವ್ ಬಂತು. ಆಂಟಿಬಾಡಿ ಇದ್ದಮೇಲೆ ವೈರಸ್ ಸತ್ತಿರಬೇಕು, ಡಾಕ್ಟರ್ ಯಾಕೆ ‘ಸಾಯೋವರೆಗೂ ಇರುತ್ತೆ’ ಅಂತಾರೆ?

ಪಶುವೈದ್ಯಕೀಯ ಓದುವಾಗ ವೈವಾದಲ್ಲಿ ಇದೇ ಪ್ರಶ್ನೆ ಕೇಳಿ ನನ್ನ ಬೆವರಿಳಿಸಿದ್ದರು. ಆಮೇಲೆ ಕೂತು ಸರಿಯಾಗಿ ಓದಿದೆ.

ಐಬಿಆರ್ ತರುವುದು ದನಗಳ ಹರ್ಪಿಸ್ ವೈರಸ್. ಜ್ವರ ಬಂದಾಗ ನಮ್ಮ ತುಟಿ ಪಕ್ಕ ಗುಳ್ಳೆ ಎಬ್ಬಿಸುತ್ತಲ್ಲ, ಆ ವೈರಸ್ಸಿನ ದಾಯಾದಿ. ನಮಗೆ ಅಂಟಲ್ಲ, ಗಾಬರಿ ಬೇಡ. ಇದರ ಮೈಮೇಲೆ ಸಕ್ಕರೆ ಅಂಟಿದ ಪ್ರೋಟೀನುಗಳು ಮುಳ್ಳಿನ ಹಾಗೆ ಎದ್ದಿರುತ್ತವೆ. ಅವುಗಳಲ್ಲಿ ಮೂರರ ಹೆಸರು ಜಿಸಿ, ಜಿಡಿ, ಜಿಬಿ. ಜಿಸಿ ಮೊದಲು ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ. ಜಿಡಿ ಬಾಗಿಲು ಹುಡುಕುತ್ತದೆ. ಜಿಬಿ ಜೊತೆಯವರ ಸಹಾಯದಿಂದ ವೈರಸ್ಸಿನ ಹೊದಿಕೆಯನ್ನು ಕೋಶದ ಪೊರೆಗೆ ಬೆಸೆದು ಒಳಗೆ ನುಗ್ಗಿಸುತ್ತದೆ. ಹಸುವಿನ ಮೈ ಈ ಮೂರಕ್ಕೂ ಆಂಟಿಬಾಡಿ ಮಾಡುತ್ತದೆ. ಅದರಲ್ಲೂ ಜಿಡಿ ಮೇಲೆ ಕೂತ ಆಂಟಿಬಾಡಿ ವೈರಸ್ಸನ್ನು ಬಾಗಿಲಲ್ಲೇ ತಡೆಯುತ್ತದೆ.

ಆದರೆ ಆಂಟಿಬಾಡಿಗೆ ಸಿಗುವುದು ಹೊರಗೆ ಓಡಾಡುವ ವೈರಸ್ ಮಾತ್ರ. ಇದು ಮೂಗಿನಿಂದ ನರ ಹಿಡಿದು ತಲೆಯ ನರಗಂಟಿಗೆ ಹೋಗಿ ಮಲಗಿಬಿಡುತ್ತದೆ. ಅಲ್ಲಿ ಮುಳ್ಳೂ ಇಲ್ಲ, ಮೈಯೂ ಇಲ್ಲ, ಬರೀ ಡಿಎನ್‌ಎ. ಹಿಡಿಯಲು ಏನೂ ಸಿಗಲ್ಲ! ಎದ್ದು ಬಂದಾಗಲೂ ಕಳ್ಳದಾರಿ ಗೊತ್ತು. ಜಿಇ ಅನ್ನುವ ಪ್ರೋಟೀನು ವೈರಸ್ಸನ್ನು ಒಂದು ಕೋಶದಿಂದ ಪಕ್ಕದ ಕೋಶಕ್ಕೆ ನೇರವಾಗಿ ದಾಟಿಸುತ್ತದೆ, ಆಂಟಿಬಾಡಿಯ ಕಣ್ಣು ತಪ್ಪಿಸಿ. ಇನ್ನೊಂದು ಸಣ್ಣ ಪ್ರೋಟೀನಂತೂ, ಸೋಂಕು ತಗುಲಿದ ಕೋಶ ‘ನನ್ನೊಳಗೆ ವೈರಸ್ ಇದೆ’ ಅಂತ ಟಿ ಕೋಶಗಳಿಗೆ (ಸೋಂಕಾದ ಕೋಶಗಳನ್ನು ಹುಡುಕಿ ಕೊಲ್ಲುವ ರಕ್ಷಣಾ ಕೋಶಗಳು) ತೋರಿಸುವ ದಾರಿಯನ್ನೇ ಮುಚ್ಚುತ್ತದೆ.

ಈ ಜಿಇ ಇಲ್ಲದೆಯೂ ವೈರಸ್ ಲ್ಯಾಬಿನಲ್ಲಿ ಬೆಳೆಯುತ್ತದೆ. ಹಾಗಾಗಿ ಯುರೋಪಿನಲ್ಲಿ ಜಿಇ ಕತ್ತರಿಸಿದ ಲಸಿಕೆ ಮಾಡಿದರು. ಲಸಿಕೆ ಹಾಕಿದ ಹಸುವಿಗೆ ಜಿಬಿ ಆಂಟಿಬಾಡಿ ಇರುತ್ತದೆ, ಜಿಇ ಆಂಟಿಬಾಡಿ ಇರಲ್ಲ. ನಿಜವಾದ ಸೋಂಕಾದರೆ ಸಾಮಾನ್ಯವಾಗಿ ಎರಡೂ ಇರುತ್ತವೆ. ಜರ್ಮನಿ ರೋಗ ತೊಲಗಿಸಿದ್ದು ಇಂಥ ಲಸಿಕೆಯ ನೆರವಿನಿಂದ. ಡೆನ್ಮಾರ್ಕ್, ಫಿನ್‌ಲೆಂಡ್ ಪಾಸಿಟಿವ್ ದನಗಳನ್ನೇ ತೆಗೆದು ಗೆದ್ದವು. ನಮ್ಮಲ್ಲಿ ಆ ದಾರಿ ಕಷ್ಟ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನೀವು ಲಸಿಕೆ ಹಾಕಿಸಿಲ್ಲ ಅಂದಿದ್ದೀರಿ. ಹಾಗಾದರೆ ಈ ಹಸುವಿಗೆ ಹೊರಗಿನ ವೈರಸ್ಸೇ ತಗುಲಿದೆ, ಒಳಗೆ ಮಲಗಿದೆ. (ಎಳೆಗರುವಿನ ಲೆಕ್ಕ ಬೇರೆ, ಅದಕ್ಕೆ ಗಿಣ್ಣು ಹಾಲಿನಿಂದಲೇ ತಾಯಿಯ ಆಂಟಿಬಾಡಿ ಬಂದಿರಬಹುದು.) ಕರು ಹಾಕುವಾಗ, ಲಾರಿಯಲ್ಲಿ ದೂರ ಸಾಗಿಸಿದಾಗ, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಾಗ ಅದು ಏಳಬಹುದು. ಮುಂದೆ ಯಾವ ಡಾಕ್ಟರ್ ಬಂದರೂ ಈ ರಿಪೋರ್ಟ್ ಮೊದಲು ತೋರಿಸಿ. ಸುಮ್ನೆ ಸಂತೆಗೆ ಹೊಡೆದರೆ ವೈರಸ್ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ, ಅಷ್ಟೇ.

ಇನ್ನೊಂದು ಮಾತು. ಕಂದು ಹಾಕಿದ್ದು ಐಬಿಆರ್‌ನಿಂದಲೇ ಅಂತ ಈ ಒಂದು ರಿಪೋರ್ಟ್ ಹೇಳಲ್ಲ. ಸೋಂಕು ವರ್ಷಗಳ ಹಿಂದಿನದೂ ಇರಬಹುದು. ಬ್ರುಸೆಲ್ಲಾ (ಕಂದು ಹಾಕಿಸುವ ಇನ್ನೊಂದು ರೋಗಾಣು, ಇದು ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿದ್ದೀರಾ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಅದು ಮನುಷ್ಯರಿಗೂ ಅಂಟುತ್ತದೆ.