ಖಾಲಿ ತೋಟಾ ಮನೇಲಿ ತುಂಬಿಸಿದ್ರೆ ದುಡ್ಡು ಉಳಿಯುತ್ತಾ?

ಪ್ರಶ್ನೆ: ಸರ, ನಮಸ್ಕಾರ್ರಿ. ನಾವು ಮೂಲ ಗದಗ ಕಡೆಯವ್ರು, ನಿಗಡಿಯೊಳಗ ಮನಿ ಮಾಡಿ ಹದಿನಾಲ್ಕ ವರ್ಷಾತು. ಮಗಳು ಬಾಲೇವಾಡಿಗೆ ಶೂಟಿಂಗ್ ಪ್ರ್ಯಾಕ್ಟೀಸಿಗೆ ಹೊಕ್ಕಾಳ, ಮೂರು ವರ್ಷ 10 ಮೀಟರ್ ಏರ್ ಪಿಸ್ತೂಲ್ ಮಾಡಿದ್ಲು, ಈಗ 25 ಮೀಟರ್‌ಗೆ ಬಂದಾಳ. ಏರ್ ಪಿಸ್ತೂಲಿನ ಸೀಸದ ಪೆಲೆಟ್ ಇದ್ದಾಗ ಖರ್ಚು ಅಷ್ಟು ಗೊತ್ತಾಗ್ತಿರ್ಲಿಲ್ಲ, ಈಗ ಗುಂಡಿನ ಬಿಲ್ ನೋಡಿದ್ರ ಎದಿ ಝಲ್ ಅಂತೈತಿ. ನಮ್ಮ ಮನಿಯವ್ರ ತಮ್ಮ ಟೆಕ್ಸಾಸ್‌ನಾಗ ಅದಾನ, ಅಂವ ಗುಂಡು ಹೊಡದ ಮ್ಯಾಲೆ ಉಳಿಯೋ ತೋಟಾದ ಖಾಲಿ ಕೇಸ್ ಎತ್ತಿಟ್ಟು ಮನ್ಯಾಗ ತಾನ ತುಂಬ್ತಾನ, ಅರ್ಧಕ್ಕರ್ಧ ಉಳಿತೈತಿ ಅಂತಾನ, ಬರೂಮುಂದ ನಿಮಗೂ ಒಂದು ಮಷೀನು ತರ್ತೀನಿ ಅಂತ ಹೇಳ್ಯಾನ. ನಾನೂ ರೇಂಜ್‌ನಾಗ ಬಿದ್ದ ಕೇಸ್ ಒಂದು ಡಬ್ಬಿ ಕೂಡಿಸಿಟ್ಟೀನಿ. ತರಸ್ಲೋ ಬ್ಯಾಡೋ? — ಒಬ್ಬ ತಂದಿ, ನಿಗಡಿ, ಪುಣೆ

ಉತ್ತರ: ಬೇಡ ಸರ್. ಇವತ್ತೇ ಫೋನ್ ಮಾಡಿ ಮಷೀನು ತರಬೇಡಪ್ಪ ಅಂತ ಹೇಳಿಬಿಡಿ.

ನಿಮ್ಮ ಡಬ್ಬಿಯಿಂದ ಒಂದು ಕೇಸ್ ತಗೊಂಡು ತಲೆಕೆಳಗೆ ಮಾಡಿ ಬೆಳಕಿಗೆ ಹಿಡೀರಿ. ತಳದ ನಡುವೆ ಕಂಪನಿ ಗುರುತು ಬಿಟ್ರೆ ಏನೂ ಇಲ್ಲ, ಆದ್ರೆ ಅಂಚಲ್ಲಿ ಒಂದು ಕಡೆ ಉಗುರಲ್ಲಿ ಒತ್ತಿದ ಹಾಗೆ ಸಣ್ಣ ತಗ್ಗು ಇರುತ್ತೆ ನೋಡಿ. ಇದು .22, ಅಂದ್ರೆ ಗುಂಡಿನ ಅಗಲ ಸುಮಾರು 0.22 ಇಂಚು, ರಿಮ್‌ಫೈರ್ ಅಂತಾರೆ, ಕಿಡಿ ಹತ್ತೋ ಮದ್ದು ಆ ಅಂಚಿನ ಮಡಿಕೆ ಒಳಗೇ ಇರುತ್ತೆ, ಪಿಸ್ತೂಲಿನ ಪಿನ್ ಬಂದು ಅಂಚನ್ನೇ ಜಜ್ಜುತ್ತೆ, ಜಜ್ಜಿದ ಮೇಲೆ ಆ ಕೇಸಿನ ಕಥೆ ಮುಗೀತು. ಮತ್ತೆ ತುಂಬೋಕೆ ಬರೋದು ಸೆಂಟರ್‌ಫೈರ್ ಕೇಸು, ಅದರ ತಳದ ನಡುವೆ ಕಿಡಿ ಹತ್ತಿಸೋ ಪ್ರೈಮರ್ ಅನ್ನೋ ಪುಟ್ಟ ಬಟ್ಟಲು ಕೂತಿರುತ್ತೆ, ಹಳೇದನ್ನ ತೆಗೆದು ಹೊಸದು ಕೂರಿಸಬಹುದು. ನಿಮ್ಮ ಮಗಳ ಈವೆಂಟು, ಅಂದ್ರೆ ಹೆಣ್ಣುಮಕ್ಕಳ 25 ಮೀಟರ್ ಪಿಸ್ತೂಲು, ಪೂರ್ತಿ .22 ಸರ್. ನಮ್ಮ ಪಕ್ಕದ ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸಲ್ಲಿ ಚಿನ್ನ ತಂದಿದ್ದೂ ಇದರಲ್ಲೇ. ಹಾಗಾಗಿ ಟೆಕ್ಸಾಸಿನ ಮಷೀನು ಎಷ್ಟೇ ಚೆನ್ನಾಗಿದ್ರೂ ನಿಮ್ಮ ಡಬ್ಬಿಗೆ ಅದರಿಂದ ಏನೂ ಆಗಲ್ಲ. ಹುಡುಗರು ಆಡೋ .32 ಸೆಂಟರ್‌ಫೈರ್ ಆಗಿದ್ರೆ ತಾಂತ್ರಿಕವಾಗಿ ಆಗ್ತಿತ್ತು.

ಆದ್ರೆ ಅದಾಗಿದ್ರೂ ನಾನು ಬೇಡ ಅಂತಲೇ ಹೇಳ್ತಿದ್ದೆ. 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಗನ್ ಇಟ್ಕೊಳ್ಳೋ ಲೈಸೆನ್ಸ್ ಬೇರೆ, ಮದ್ದುಗುಂಡು ತಯಾರಿಸೋ ಲೈಸೆನ್ಸ್ ಬೇರೆ. ತಯಾರಿಕೆ 5ನೇ ಸೆಕ್ಷನ್‌ಗೆ ಬರುತ್ತೆ, ಅದಕ್ಕೆ ಲೈಸೆನ್ಸ್ ಇಲ್ದೇ ಸಿಕ್ಕಿಬಿದ್ರೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 7 ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು. ಆ ಕಾಯ್ದೆಯಲ್ಲಿ ಅಮ್ಯುನಿಷನ್ ಅನ್ನೋ ಪದದ ಅರ್ಥದೊಳಗೇ ಅದರ ಬಿಡಿ ಭಾಗಗಳು, ಅದನ್ನ ತಯಾರಿಸೋ ಯಂತ್ರ ಎಲ್ಲಾ ಸೇರಿಸಿದಾರೆ. ಅಂದ್ರೆ ನಿಮ್ಮ ಭಾವಮೈದುನ ಪ್ರೀತಿಯಿಂದ ಸೂಟ್‌ಕೇಸಲ್ಲಿ ತಂದ್ರೆ ಏರ್‌ಪೋರ್ಟಲ್ಲೇ ಅವರು ಕಷ್ಟಕ್ಕೆ ಸಿಕ್ಕಾಕೊಳ್ತಾರೆ. ಆ ಡಬ್ಬಿನೂ ಮನೇಲಿ ಇಟ್ಕೊಬೇಡಿ, ರೇಂಜಿಗೆ ವಾಪಸ್ ಕೊಟ್ಬಿಡಿ.

ಅಮೆರಿಕಾದಲ್ಲಿ ಉಳಿಯುತ್ತೆ ಅನ್ನೋದು ಸುಳ್ಳಾ ಅಂತ ಕೇಳಬಹುದು. ಸುಳ್ಳಲ್ಲ, ಆದ್ರೆ ಲೆಕ್ಕ ಅವರು ಹೇಳೋವಷ್ಟು ಸಲೀಸಾಗಿಲ್ಲ. ತೋಟಾದಲ್ಲಿ ನಾಲ್ಕು ಭಾಗ ಸರ್, ಹಿತ್ತಾಳೆ ಕೇಸು, ಪ್ರೈಮರು, ಮದ್ದು, ಗುಂಡು. ಸಾಮಾನ್ಯವಾಗಿ ಜಾಸ್ತಿ ಬೆಲೆ ಕೇಸಿಗೇ, ಅದು ಹಲವು ಸಲ ವಾಪಸ್ ಬರುತ್ತೆ, ಉಳಿತಾಯ ಅಂದ್ರೆ ಮುಖ್ಯವಾಗಿ ಅಷ್ಟೇ. ದೊಡ್ಡ ರೈಫಲ್ ತೋಟಾಕ್ಕೆ ಈ ಉಳಿತಾಯ ಚೆನ್ನಾಗೇ ಇರುತ್ತೆ, ಆದ್ರೆ 9 ಎಂಎಂ ಥರದ್ದು ಫ್ಯಾಕ್ಟರಿಲೇ ಅಗ್ಗವಾಗಿ ರಾಶಿ ರಾಶಿ ಬರೋದ್ರಿಂದ ಕೈಗೆ ಏನೂ ಹತ್ತಲ್ಲ. ಸುಮ್ನೆ ಲೆಕ್ಕಕ್ಕೆ ಅಂತ ಹೇಳ್ತೀನಿ, ಸಲಕರಣೆಗೆ 500 ಡಾಲರ್ ಹಾಕಿದ್ರು, ಒಂದು ತೋಟಾಕ್ಕೆ 15 ಸೆಂಟ್ ಉಳೀತು ಅಂದ್ಕೊಳ್ಳಿ, ಹಾಕಿದ ದುಡ್ಡು ವಾಪಸ್ ಬರೋಕೇ 3,300ಕ್ಕೂ ಮೇಲೆ ತೋಟಾ ತುಂಬಬೇಕು. ಕೈಯಲ್ಲಿ ಒಂದೊಂದೇ ಎಳೆಯೋ ಪ್ರೆಸ್ ಆದ್ರೆ ಗಂಟೆಗೆ ಐವತ್ತು ಅಂತ ಹಿಡಿದ್ರೂ ಅರವತ್ತಾರು ಗಂಟೆ ಕೆಲಸ ಆಯ್ತು, ಅದಕ್ಕೆ ಕೂಲಿ ಯಾರು ಕೊಡ್ತಾರೆ ಹೇಳಿ. ಅಲ್ಲಿ ಬಹಳ ಜನ ದುಡ್ಡು ಉಳಿಸೋದಕ್ಕಿಂತ ಅದೇ ದುಡ್ಡಲ್ಲಿ ಜಾಸ್ತಿ ಹೊಡೀತಾರೆ, ಇಲ್ಲಾಂದ್ರೆ ತಮ್ಮ ರೈಫಲ್‌ಗೆ ಸರಿಯಾಗಿ ಕೂರೋ ತೋಟಾ ಬೇಕು ಅಂತ ಮಾಡ್ತಾರೆ, ಅವರಿಗೆ ಅದೇ ಒಂದು ಹವ್ಯಾಸ.

ನನ್ನ ದೊಡ್ಡಪ್ಪನ ಮಗ ಅಲ್ಲೇ ಇದಾನೆ, ಅವನ ಗ್ಯಾರೇಜಲ್ಲಿ ನಾನು ಒಂದು ಸಂಜೆ ಪೂರ್ತಿ ಕೂತಿದ್ದೆ. ಮದ್ದು ತೂಗೋ ಯಂತ್ರ ಎಷ್ಟು ಸೂಕ್ಷ್ಮ ಅಂದ್ರೆ ಫ್ಯಾನ್ ಗಾಳಿಗೂ ಅಲ್ಲಾಡುತ್ತೆ ಅಂತ ಫ್ಯಾನ್ ಆಫ್ ಮಾಡಿದ್ದ, ಆ ಸೆಕೆಲಿ ಬೆವರು ಒರೆಸ್ಕೋತಾ ತುಂಬ್ತಿದ್ದ, ನಡುವೆ ಒಂದು ಫೋನ್ ಬಂತು, ಎದ್ದು ಹೋಗಿ ಮಾತಾಡಿ ಬಂದು ಮತ್ತೆ ಶುರು ಮಾಡ್ದ. ಮಾರನೇ ದಿನ ರೇಂಜಲ್ಲಿ ಒಂದು ಗುಂಡು ಢಂ ಅನ್ನೋ ಬದಲು ಟಪ್ ಅಂತು, ಕೈಗೆ ಒದೆತಾನೇ ಬರ್ಲಿಲ್ಲ. ಪುಣ್ಯಕ್ಕೆ ಅವನಿಗೆ ತಕ್ಷಣ ಅನುಮಾನ ಬಂದು ಗನ್ ಕೆಳಗಿಟ್ಟ. ಆ ಕೇಸಿಗೆ ಮದ್ದೇ ಬಿದ್ದಿರ್ಲಿಲ್ಲ, ಪ್ರೈಮರ್ ಕಿಡಿಗೇ ಗುಂಡು ನಳಿಗೆ ಒಳಗೆ ಅರ್ಧ ದಾರಿಗೆ ಹೋಗಿ ಸಿಕ್ಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ರೆ ನಳಿಗೆ ಸಿಡೀತಿತ್ತು. ಹದಿನೈದು ವರ್ಷದ ಅನುಭವ ಇರೋನಿಗೆ ಒಂದು ಫೋನ್ ಕಾಲಿಂದ ಆಗಿದ್ದು ಇದು, ಈಗಲೂ ನೆನೆಸ್ಕೊಂಡ್ರೆ ನನಗೆ ಮೈ ಜುಮ್ ಅನ್ನುತ್ತೆ.

ಖರ್ಚು ಇಳಿಸೋ ದಾರಿ ಬೇರೆ ಇದೆ ಸರ್. 25 ಮೀಟರ್ ಮ್ಯಾಚಲ್ಲಿ 60 ಗುಂಡು, 30 ನಿಧಾನದ್ದು, 30 ರ‍್ಯಾಪಿಡ್. ರ‍್ಯಾಪಿಡಲ್ಲಿ 7 ಸೆಕೆಂಡ್ ಕೈ ಕೆಳಗೆ, ಆಮೇಲೆ 3 ಸೆಕೆಂಡಲ್ಲಿ ಕೈ ಎತ್ತಿ ಒಂದು ಗುಂಡು. ಹೊಸ ಮಕ್ಕಳು ಪಾಯಿಂಟ್ ಕಳ್ಕೊಳ್ಳೋದು ಆ ಕೈ ಎತ್ತೋದ್ರಲ್ಲಿ, ಅದನ್ನ ಕಲಿಯೋಕೆ ಒಂದು ಗುಂಡೂ ಬೇಕಾಗಿಲ್ಲ. ಕೋಚ್ ಎದುರಿಗೆ ಚೇಂಬರ್, ಅಂದ್ರೆ ತೋಟಾ ಕೂರೋ ಜಾಗ, ಖಾಲಿ ಇದೆ ಅಂತ ಎರಡೆರಡು ಸಲ ನೋಡಿ ದಿನಾ ಡ್ರೈ ಪ್ರ್ಯಾಕ್ಟೀಸ್ ಮಾಡ್ಲಿ, ಪಿಸ್ತೂಲಲ್ಲಿ ಗುಂಡಿಲ್ಲದೆ ಟ್ರಿಗರ್ ಎಳೆಯೋ ಡ್ರೈ ಫೈರ್ ಸೌಕರ್ಯ ಇದ್ರೆ ಅದನ್ನೇ ಬಳಸ್ಲಿ, ಯಾಕಂದ್ರೆ .22ರ ಪಿನ್ನು ಖಾಲಿ ಚೇಂಬರ್ ಅಂಚಿಗೆ ಬಡಿದ್ರೆ ಎರಡೂ ಹಾಳು. ಹಳೇ ಏರ್ ಪಿಸ್ತೂಲ್ ಮಾರಬೇಡಿ, ಟ್ರಿಗರ್ ಎಳೆಯೋ ಅಭ್ಯಾಸಕ್ಕೆ ಅದು ಇನ್ನೂ ಬೇಕು. ಮ್ಯಾಚ್ ಗುಂಡು ಮ್ಯಾಚಿಗೆ, ಪ್ರ್ಯಾಕ್ಟೀಸಿಗೆ ಅಗ್ಗದ್ದು. ಸ್ಕೋರು ಬರ್ತಾ ಹೋದ ಹಾಗೆ ಆಸ್ಪೈರಿಂಗ್ ಶೂಟರ್, ರಿನೌನ್ಡ್ ಶಾಟ್ ಅನ್ನೋ ದರ್ಜೆಗಳಿವೆ, ಎಷ್ಟು ಗುಂಡು ತಗೋಬಹುದು ಅನ್ನೋ ಕೋಟಾ ಅದರ ಮೇಲೆ ನಿಂತಿರುತ್ತೆ, ಕ್ಲಬ್ಬಲ್ಲಿ ಈಗಲೇ ವಿಚಾರಿಸಿ ಇಟ್ಕೊಳ್ಳಿ. ಮಗಳಿಗೆ ಒಳ್ಳೇದಾಗ್ಲಿ.

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆ, ನಾನು ಕೆಲಸಕ್ಕಂತ ಡೊಂಬಿವಲಿಲಿ ಇದೀನಿ. ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದಲ್ಲಿ ಅಜ್ಜನ ಪೆಟ್ಟಿಗೆ ಸಿಕ್ತು, 12 ಬೋರಿನ ಕೋವಿಯ ಹಳೇ ಕಾಗದದ ತೋಟಾಗಳು, ಕೆಲವು ಖಾಲಿ, ಕೆಲವು ತುಂಬಿರೋದು. ಅಜ್ಜ ತಾವೇ ಚರೆ ತುಂಬ್ತಿದ್ರಂತೆ. ನಾವು ಕೊಡವರು, ಕೋವಿಗೆ ನಮಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ತೆಂಗಿನಕಾಯಿ ಹೊಡೆಯೋ ಸ್ಪರ್ಧೆಗೆ ನಾವೂ ತುಂಬ್ಕೋಬಹುದಾ?

ಉತ್ತರ: ವಿನಾಯಿತಿ ಇರೋದು ನಿಜ, 2029ರ ಅಕ್ಟೋಬರ್ 31ರವರೆಗೆ ಇದೆ. ಆದ್ರೆ ಅದು 3 ಮತ್ತು 4ನೇ ಸೆಕ್ಷನ್‌ಗೆ, ಅಂದ್ರೆ ಕೋವಿ ಇಟ್ಕೊಳ್ಳೋದಕ್ಕೆ. ಮೇಲೆ ಹೇಳಿದ 5ನೇ ಸೆಕ್ಷನ್ ನಿಮಗೂ ಅಷ್ಟೇ ಅನ್ವಯ. ಇದು ಬಹಳ ಜನ ಕೊಡವರಿಗೇ ಗೊತ್ತಿಲ್ಲ, ದಯವಿಟ್ಟು ಮನೇಲಿ ಎಲ್ಲರಿಗೂ ಹೇಳಿ.

ತುಂಬಿರೋ ಹಳೇ ತೋಟಾ ಖಂಡಿತಾ ಹೊಡೀಬೇಡಿ. ಕೊಡಗಿನ ಮಳೇಲಿ ಕಾಗದ ತೇವ ಕುಡಿದು ಉಬ್ಬಿರುತ್ತೆ, ಒಳಗಿನ ಮದ್ದು ಯಾವ ಸ್ಥಿತೀಲಿದೆ ಅಂತ ಹೊರಗಿಂದ ಹೇಳೋಕಾಗಲ್ಲ. ಪೆಟ್ಟಿಗೆ ಸಮೇತ ಪೊಲೀಸ್ ಸ್ಟೇಷನ್ನಲ್ಲಿ ತಿಳಿಸಿ ಒಪ್ಪಿಸಿ. ಹೊಸದು ಬೇಕಂದ್ರೆ ನಮ್ಮ ಪುಣೆಯ ಖಡ್ಕಿ ಫ್ಯಾಕ್ಟರಿಯ ಶಕ್ತಿಮಾನ್ ತೋಟಾ ಇದೆ, ಲೈಸೆನ್ಸ್ ಇರೋ ಅಂಗಡೀಲೇ ತಗೊಳ್ಳಿ. ಅಜ್ಜನ ಕಾಲದ ಕೋವಿಲೇ ಹೊಡೆಯೋದಾದ್ರೆ ಅದಕ್ಕೂ ಮೊದಲು ಅದನ್ನ ಒಳ್ಳೇ ಗನ್‌ಸ್ಮಿತ್‌ಗೆ, ಅಂದ್ರೆ ಕೋವಿ ರಿಪೇರಿ ಮಾಡೋರಿಗೆ, ತೋರಿಸಿ ಚೇಂಬರ್ ಅಳತೆ ಮಾಡಿಸಿ. ಹಳೇ ಇಂಗ್ಲಿಷ್ ಕೋವಿಗಳು ಎಷ್ಟೋ ಎರಡೂವರೆ ಇಂಚಿನ ಚೇಂಬರಿನವು, ಅದಕ್ಕಿಂತ ಉದ್ದದ ಈಗಿನ 70 ಎಂಎಂ ತೋಟಾ ಅದರೊಳಗೆ ಸಲೀಸಾಗಿ ಹೋಗಿ ಕೂರುತ್ತೆ, ಆದ್ರೆ ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಹೋಯ್ತು ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ.

ಪ್ರಶ್ನೆ: ಏರ್ ರೈಫಲಿನ ಬಳಸಿದ ಪೆಲೆಟ್ ಮತ್ತೆ ಉಪಯೋಗಿಸಬಹುದಾ? ಕರಗಿಸಿ ಅಚ್ಚು ಹಾಕಿದ್ರೆ? — ವಿದ್ಯಾರ್ಥಿ, ಫೋಂಡಾ, ಗೋವಾ

ಉತ್ತರ: ಇಲ್ಲಪ್ಪ. ಸೀಸದ ಪೆಲೆಟ್ ಬಡಿದ ಕೂಡ್ಲೇ ಚಪ್ಪಟೆ ಆಗುತ್ತೆ, ಅದನ್ನ ಮತ್ತೆ ನಳಿಗೆಗೆ ಹಾಕಿದ್ರೆ ನಳಿಗೇನೇ ಕೆಡುತ್ತೆ. ಮನೇಲಿ ಸೀಸ ಕರಗಿಸೋದಂತೂ ಬೇಡವೇ ಬೇಡ, ಸೀಸದ ಹೊಗೆ, ಧೂಳು ಮಕ್ಕಳ ಮೆದುಳಿಗೆ ಹೋಗುತ್ತೆ. ಬಳಸಿದ್ದನ್ನ ಗುಜರಿಗೆ ಕೊಡಿ, ಪ್ರ್ಯಾಕ್ಟೀಸ್ ಆದ ಮೇಲೆ ಸೋಪಲ್ಲಿ ಕೈ ತೊಳೆದೇ ತಿಂಡಿ ಮುಟ್ಟು. ನಿನ್ನ ರೈಫಲಲ್ಲಿ ಮತ್ತೆ ತುಂಬೋಕೆ ಬರೋದು ಸಿಲಿಂಡರಿನ ಗಾಳಿ ಒಂದೇ, ತುಂಬಿಸೋ ಮುಂಚೆ ಸಿಲಿಂಡರಿನ ಅವಧಿ ಮುಗಿದಿದೆಯಾ ಅಂತ ಅದರ ಮೇಲೆ ಕೆತ್ತಿರೋ ತಾರೀಖು ನೋಡ್ಕೋ.